ಬುಟ್ಟಿ ನೋಡಿದ್ರಾ

ನಮ್ಮೂರಿನಲ್ಲಿ ಸತ್ತವರು ಒಂದು ಸಲ ವಾಪಸು ಬರುತ್ತಾರೆ. ಕೆಲವರು ಸತ್ತ ತಿಂಗಳಿಗೆ, ಕೆಲವರು ವರ್ಷಕ್ಕೆ. ಮಧ್ಯಾಹ್ನದ ಹೊತ್ತು ಉಪ್ಪಿನ ಗದ್ದೆಗಳ ಕಡೆಯಿಂದ ನಡೆದುಕೊಂಡು ಬಂದು ಸುಂಕದ ಕಟ್ಟೆಯ ಹತ್ತಿರ ನಿಲ್ಲುತ್ತಾರೆ. ಮುಖ ಬೇರೆ, ಮೈ ಬೇರೆ, ಹೆಸರು ನೆನಪಿರುವುದಿಲ್ಲ. ಹನ್ನೊಂದು ದಿನ ಛತ್ರದಲ್ಲಿರುತ್ತಾರೆ. ಹನ್ನೆರಡನೆಯ ದಿನ ಬೆಳಿಗ್ಗೆ ಬಂದ ದಾರಿಯಲ್ಲೇ ಹೊರಟುಹೋಗುತ್ತಾರೆ. ಅಷ್ಟರೊಳಗೆ ಅವರ ಕಡೆಯವರು ಯಾರಾದರೂ ಗುರುತು ಹಿಡಿದು, ಒಂದು ತುತ್ತು ಉಣ್ಣಿಸಿ, ಕಿವಿಯಲ್ಲಿ ಅವರ ಹೆಸರು ಹೇಳಬೇಕು. ಹೆಸರು ಕೇಳಿಸಿಕೊಂಡವರು ಹಿಂದೆ ತಿರುಗಿ ನೋಡದೆ ಹೋಗುತ್ತಾರೆ. ಕೇಳಿಸಿಕೊಳ್ಳದವರು ಗದ್ದೆಯ ಬದುವಿನ ಮೇಲೆ ಹತ್ತು ಹೆಜ್ಜೆಗೊಮ್ಮೆ ನಿಂತು ಊರಿನ ಕಡೆ ನೋಡುತ್ತಾರೆ. ಅದನ್ನು ನೋಡಲಾಗದೆ ಆ ದಿಕ್ಕಿನ ಮನೆಯವರೆಲ್ಲ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿಸಿಕೊಂಡಿದ್ದಾರೆ.

ಗುರುತು ಹಿಡಿಯುವುದಕ್ಕೆ ಇರುವ ದಾರಿ ಒಂದೇ. ಬಂದವರಿಗೆ ಒಂದಷ್ಟು ಸಂಗತಿಗಳು ನೆನಪಿರುತ್ತವೆ. ಒಬ್ಬರಿಗೆ ಮೂರು, ಒಬ್ಬರಿಗೆ ಇಪ್ಪತ್ತು. ನಾವು ಇರಲಿ ಎಂದುಕೊಂಡದ್ದು ಇರುವುದಿಲ್ಲ. ನಮ್ಮ ಬೀದಿಯ ಬಳೆ ವ್ಯಾಪಾರಿ ಹೆಂಡತಿ ಸಾಯುವಾಗ ಪಕ್ಕದಲ್ಲಿ ಕೂತು ತನ್ನ ಹೆಸರನ್ನೂ ಮೂರು ಮಕ್ಕಳ ಹೆಸರನ್ನೂ ಗಿಳಿಪಾಠದಂತೆ ಹೇಳಿಸಿದ್ದ. ಆಕೆ ಬಂದಾಗ ನೆನಪಿದ್ದದ್ದು ಸೀಮೆಎಣ್ಣೆ ಡಬ್ಬದ ನೀಲಿ ಬಣ್ಣ, ಕುಂಟು ಕುರಿ, ಗಂಟಲಲ್ಲಿ ಸಿಕ್ಕಿಕೊಂಡ ಕೊತ್ತಂಬರಿ ಎಲೆ. ಇಷ್ಟೇ. ಅವನು ಎರಡು ದಿನ ಅಂಗಡಿ ತೆಗೆಯಲಿಲ್ಲ. ನಮ್ಮೂರ ಹೆಂಗಸರು ಗಂಡಂದಿರನ್ನು ಬೈಯುವುದೂ ಹೀಗೆಯೇ: "ನೀನ್ ಬಂದಾಗ ನೋಡ್ತೀನಿ, ನಿನ್ ನೆನಪಲ್ಲಿ ಬೀಡಿ ಒಂದು ಬಿಟ್ರೆ ಇನ್ನೇನೂ ಇರಲ್ಲ."

ನಾನು ಪಂಪಣ್ಣ. ಬಂದವರ ಕಚೇರಿಯಲ್ಲಿ ಮೂವತ್ತೊಂದು ವರ್ಷದಿಂದ ಗುಮಾಸ್ತ. ಕಚೇರಿ ಇರುವುದು ಹಳೆಯ ಉಪ್ಪಿನ ಗೋದಾಮಿನಲ್ಲಿ. ಗೋಡೆ ಬೆವರುತ್ತದೆ, ಕಾಗದ ಮೆತ್ತಗಾಗುತ್ತದೆ. ಕಟ್ಟೆಯಲ್ಲಿ ಇಮಾಮ್‌ಸಾಬರು ಕೂತಿರುತ್ತಾರೆ. ಬಂದವರನ್ನು ಅವರು ಒಂದೇ ಸಲ ಕೇಳಿ, ಹೇಳಿದ್ದನ್ನೆಲ್ಲ ಒಂದು ಕಾರ್ಡಿನಲ್ಲಿ ಬರೆದು, ನಂಬರು ಹಾಕಿ ಸಂಜೆ ನಮಗೆ ಕಳಿಸುತ್ತಾರೆ. ಎರಡನೆಯ ಸಲ ಯಾರೂ ಕೇಳುವಂತಿಲ್ಲ. ಪದೇಪದೇ ಕೇಳಿದರೆ ಇರುವ ನೆನಪೂ ಸವೆದುಹೋಗುತ್ತದೆ. ಆದ್ದರಿಂದ ಮನೆಯವರು ಬಂದರೆ ನೇರವಾಗಿ ಛತ್ರಕ್ಕೆ ಹೋಗುವುದಿಲ್ಲ, ನಮ್ಮ ಹತ್ತಿರ ಬರುತ್ತಾರೆ. "ನಮ್ಮಪ್ಪನಿಗೆ ಹಸಿರು ಬಾಗಿಲು ನೆನಪಿರಬಹುದು, ಎತ್ತಿನ ಗಂಟೆ ಇರಬಹುದು" ಎನ್ನುತ್ತಾರೆ. ಅವೆರಡೂ ಇರುವ ಕಾರ್ಡು ಯಾವುದು ಎಂದು ನಾವು ಹುಡುಕಿ ಕೊಡಬೇಕು.

ತಿಂಗಳಿಗೆ ಹತ್ತು ಜನ ಬರುತ್ತಿದ್ದ ಕಾಲದಲ್ಲಿ ಇದು ಕಷ್ಟವೇ ಆಗಿರಲಿಲ್ಲ. ಇರುವ ಕಾರ್ಡುಗಳನ್ನೆಲ್ಲ ಓದಿಬಿಡುತ್ತಿದ್ದೆವು. ಕಚೇರಿಯಲ್ಲಿ ಆಗ ನಾನು ಮತ್ತು ಜಯಶೀಲಮ್ಮ ಇಬ್ಬರೇ. ಜಯಶೀಲಮ್ಮ ನನಗಿಂತ ನಾಲ್ಕು ವರ್ಷ ದೊಡ್ಡವರು, ಹಿಂದೆ ಮುಂದೆ ಯಾರೂ ಇಲ್ಲದವರು. ಕೂತಲ್ಲೇ ಕಾರ್ಡಿನ ಕಟ್ಟನ್ನು ಮೇಜಿಗೆ ಮೂರು ಸಲ ಕುಟ್ಟಿ ಅಂಚು ಸರಿಮಾಡುವ ಅಭ್ಯಾಸ ಅವರಿಗೆ. ಟಕ್, ಟಕ್, ಟಕ್. ನನಗೆ ಅದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಮಧ್ಯಾಹ್ನ ಅವರ ಅವರೆಕಾಳು ಉಪ್ಪಿಟ್ಟಿನಲ್ಲಿ ಅರ್ಧ ನನ್ನ ಡಬ್ಬಿಯ ಮುಚ್ಚಳಕ್ಕೆ ಬೀಳುತ್ತಿತ್ತು. ಉರಿ ಆಗ ಇಳಿಯುತ್ತಿತ್ತು.

ಆಮೇಲೆ ಜ್ವರದ ವರ್ಷ ಬಂತು. ಸತ್ತವರು ಎಷ್ಟೆಂದರೆ, ಮರುವರ್ಷ ದಿನಕ್ಕೆ ನಲವತ್ತು ಐವತ್ತು ಮಂದಿ ವಾಪಸು ಬರತೊಡಗಿದರು. ಒಂದಿದ್ದ ಛತ್ರ ನಾಲ್ಕಾಯಿತು. ಬಂದುಹೋದವರ ಕಾರ್ಡನ್ನೂ ನಾವು ಎಸೆಯುವುದಿಲ್ಲ, "ನಾನು ಊರಲ್ಲಿಲ್ಲದಾಗ ನಮ್ಮವ್ವ ಬಂದು ಹೋದ್ಲಾ" ಎಂದು ಕೇಳುವವರೂ ಇರುತ್ತಾರಲ್ಲ. ಹಾಗೆ ಮೂವತ್ತು ಸಾವಿರ ಕಾರ್ಡು. ಮೇಲಧಿಕಾರಿ ಶೇಷಗಿರಿರಾಯರು ನಮ್ಮಿಬ್ಬರನ್ನೂ ಕರೆದು, ಬೇಗ ಹುಡುಕುವುದಕ್ಕೆ ಏನಾದರೊಂದು ಉಪಾಯ ತನ್ನಿ ಎಂದರು.

ನನ್ನ ಉಪಾಯ ಪುಸ್ತಕಗಳು. ಒಂದೊಂದು ನೆನಪಿಗೆ ಒಂದೊಂದು ಪುಸ್ತಕ. ಬೇವಿನ ಮರದ ಪುಸ್ತಕ ತೆಗೆದರೆ, ಬೇವಿನ ಮರ ನೆನಪಿರುವವರ ಕಾರ್ಡಿನ ನಂಬರುಗಳೆಲ್ಲ ಒಂದರ ಕೆಳಗೊಂದು ಸಾಲಾಗಿ ಇರುತ್ತವೆ. ಬೇವಿನ ಮರ, ಬಾವಿ, ನೀಲಿ ಬಾಗಿಲು ಮೂರೂ ಬೇಕೆಂದರೆ ಮೂರು ಪುಸ್ತಕ ಬಿಚ್ಚಿ ಮೂರರಲ್ಲೂ ಇರುವ ನಂಬರು ನೋಡಿದರಾಯಿತು. ತಪ್ಪುವ ಮಾತೇ ಇಲ್ಲ. ತೊಂದರೆ ಒಂದೇ: ಇಪ್ಪತ್ತು ನೆನಪಿನ ಒಬ್ಬ ಮನುಷ್ಯ ಬಂದರೆ ಇಪ್ಪತ್ತು ಪುಸ್ತಕ ಇಳಿಸಿ ಇಪ್ಪತ್ತು ಕಡೆ ಬರೆಯಬೇಕು. ಅದಕ್ಕೆ ಒಂದು ಬುಟ್ಟಿ ಇಟ್ಟುಕೊಳ್ಳುವುದು. ಹೊಸ ಕಾರ್ಡುಗಳನ್ನು ಸದ್ಯಕ್ಕೆ ಬುಟ್ಟಿಗೆ ಹಾಕಿ, ಸೋಮವಾರ ಎಲ್ಲವನ್ನೂ ಒಟ್ಟಿಗೆ ಪುಸ್ತಕಕ್ಕೆ ಏರಿಸುವುದು. ಅಲ್ಲಿಯವರೆಗೆ ಹುಡುಕುವವರು ಪುಸ್ತಕ ನೋಡಿದ ಮೇಲೆ ಬುಟ್ಟಿಯನ್ನೂ ಓದಬೇಕು. ಈ ನಿಯಮ ಬರೆದು ಗೋಡೆಗೆ ಅಂಟಿಸಿದವನೂ ನಾನೇ.

ಜಯಶೀಲಮ್ಮನ ಉಪಾಯ ಸೂಜಿ. ಕಾರ್ಡಿನ ಅಂಚಿನ ಸುತ್ತ ಐವತ್ತು ತೂತು. ಇಂಥ ನೆನಪಿಗೆ ಇಂತಿಂಥ ಮೂರು ತೂತು ಎಂದು ಅವರೊಂದು ಪಟ್ಟಿ ಮಾಡಿಕೊಂಡಿದ್ದರು. ಆ ತೂತುಗಳನ್ನು ಕತ್ತರಿಯಿಂದ ಅಂಚಿನವರೆಗೂ ಸೀಳಿಬಿಡುವುದು. ಹುಡುಕುವಾಗ ಇಡೀ ಕಟ್ಟಿನ ಆ ತೂತುಗಳಿಗೆ ಸ್ವೆಟರ್ ಹೆಣೆಯುವ ಉದ್ದ ಸೂಜಿ ತೂರಿಸಿ ಎತ್ತಿ ಅಲ್ಲಾಡಿಸಿದರೆ, ಸೀಳಿದ ಕಾರ್ಡುಗಳು ಕಳಚಿ ಮೇಜಿನ ಮೇಲೆ ಬೀಳುತ್ತವೆ. ನೆನಪುಗಳು ಸಾವಿರಾರು, ತೂತು ಐವತ್ತು. ಬೇರೆ ಬೇರೆ ನೆನಪುಗಳು ಅದೇ ತೂತುಗಳನ್ನು ಹಂಚಿಕೊಳ್ಳಬೇಕು. ಹಾಗಾಗಿ ಬೇಡದ ಕಾರ್ಡುಗಳೂ ಕೆಲವು ಬೀಳುತ್ತವೆ. ಬಿದ್ದದ್ದನ್ನು ಓದಿಯೇ ಮಾತಾಡಬೇಕು. ಆದರೆ ಹೊಸ ಕಾರ್ಡಿಗೆ ನಾಲ್ಕು ಕತ್ತರಿ ಹಾಕಿದರೆ ಮುಗಿಯಿತು, ಅವತ್ತೇ ಕಟ್ಟಿಗೆ ಸೇರುತ್ತದೆ. ಬುಟ್ಟಿಯ ರಗಳೆ ಇಲ್ಲ.

"ನಿಮ್ ಪುಸ್ತಕ ಚೆನ್ನಾಗಿದೆ ಪಂಪಣ್ಣ, ಇಲ್ಲ ಅನ್ನಲ್ಲ" ಎಂದರು ಜಯಶೀಲಮ್ಮ. "ನಿಲ್ಲೋ ಸಾಮಾನಿಗೆ ಪುಸ್ತಕ ಸರಿ. ಇವ್ರು ಹನ್ನೊಂದು ದಿನದ ಜನ. ಅದ್ರಲ್ಲಿ ಏಳು ದಿನ ಬುಟ್ಟೀಲೇ ಕೂರಿಸ್ತೀರಾ?"

"ಕಂಡಕಂಡೋರನ್ನೆಲ್ಲ ಮೇಜಿನ ಮೇಲೆ ಉದುರಿಸೋದಕ್ಕಿಂತ ವಾಸಿ" ಎಂದೆ ನಾನು.

"ನನ್ ಸೂಜಿ ಬೇಡದವರನ್ನೂ ತೋರಿಸುತ್ತೆ, ನಿಜ. ಬಂದವರನ್ನ ಬಚ್ಚಿಡಲ್ಲ."

ಶೇಷಗಿರಿರಾಯರು ಪರೀಕ್ಷೆ ಮಾಡೋಣ ಎಂದರು. ಪರೀಕ್ಷೆಯ ದಿನ ದೊಡ್ಡತಾಯಮ್ಮ ಎಂಬ ವಿಧವೆ ಬಂದಿದ್ದರು. ಗಂಡನಿಗೆ ಎತ್ತಿನ ಗಂಟೆ, ಒಣಕೊಬ್ಬರಿ ನೆನಪಿರಬಹುದು ಎಂದರು. ಜಯಶೀಲಮ್ಮ ಸೂಜಿ ತೂರಿಸಿ ಅಲ್ಲಾಡಿಸಿದರು. ಮೂರು ಕಾರ್ಡು ಬಿದ್ದವು. ಅವರು ಕನ್ನಡಕ ಹಾಕಿಕೊಂಡು ಮೊದಲನೆಯದನ್ನು ಓದಲು ತೆಗೆಯುವಷ್ಟರಲ್ಲಿ, ಎಷ್ಟು ಬೇಗ ಸಿಕ್ಕಿತು ಎಂದು ಊರವರಿಗೆ ತೋರಿಸುವ ಉತ್ಸಾಹದಲ್ಲಿ ರಾಯರು ಮೇಲಿನ ಕಾರ್ಡು ಎತ್ತಿಕೊಂಡು ಆ ನಂಬರಿನವನನ್ನು ಛತ್ರದಿಂದ ಕರೆಸಿಯೇಬಿಟ್ಟರು. "ತಡೀರಿ ಸಾರ್, ಓದಿಲ್ಲ ಇನ್ನೂ" ಎಂದು ಜಯಶೀಲಮ್ಮ ಎದ್ದು ನಿಂತರು. ದೊಡ್ಡತಾಯಮ್ಮ ಆಗಲೇ ಅವನ ಕೈ ಹಿಡಿದುಕೊಂಡು, ಬಾಯಿಗೆ ಬೆಲ್ಲ ಇಟ್ಟು, ಕಿವಿಯಲ್ಲಿ ಗಂಡನ ಹೆಸರು ಹೇಳಿ ಅಳುತ್ತಿದ್ದರು. ಕಾರ್ಡು ಓದಿದರೆ ಗಂಟೆಯೂ ಇಲ್ಲ, ಕೊಬ್ಬರಿಯೂ ಇಲ್ಲ. ನವಿಲುಗರಿ, ಹಿತ್ತಾಳೆ ತಟ್ಟೆ. ತೂತುಗಳು ಒಂದೇ ಆಗಿದ್ದವು. ನಿಜವಾದ ಗಂಡ ಮೂರನೆಯ ಕಾರ್ಡಿನಲ್ಲಿದ್ದ. ಒಂದು ಹೆಸರನ್ನು ಒಂದೇ ಸಲ ಹೇಳಬಹುದು, ತಪ್ಪು ಕಿವಿಗೆ ಹೇಳಿದರೆ ಅದು ಮುಗಿದಂತೆ. ದೊಡ್ಡತಾಯಮ್ಮ ಆರು ದಿನ ಗಂಡನ ಎದುರು ಸುಮ್ಮನೆ ಕೂತಿದ್ದು ಕಳಿಸಿಕೊಟ್ಟರು. ಅವನು ಬದುವಿನ ಮೇಲೆ ನಿಂತು ನಿಂತು ಹೋದ.

ರಾಯರು ಸೂಜಿಯದೇ ತಪ್ಪು ಎಂದರು. ಅಲ್ಲ ಎಂದು ನನಗೆ ಗೊತ್ತಿತ್ತು. ಬಿದ್ದದ್ದನ್ನು ಓದದೆ ಕರೆದದ್ದು ಅವರು. ನಾನು ಒಂದು ಮಾತು ಆಡಿದ್ದರೆ ಸಾಕಾಗಿತ್ತು. ಜಯಶೀಲಮ್ಮ ನನ್ನ ಮುಖ ನೋಡಿದರು. ನಾನು ಮೂಗು ಒರೆಸಿಕೊಂಡೆ. ಮರುದಿನವೇ ಕಪಾಟು ಮಾಡಲು ಬಡಗಿ ಬಂದ, ನನ್ನ ಪುಸ್ತಕಗಳು ಗೋದಾಮಿನ ಗೋಡೆ ತುಂಬ ಏರಿದವು. ಜಯಶೀಲಮ್ಮ ಸೂಜಿಯನ್ನು ಬಟ್ಟೆಯಲ್ಲಿ ಸುತ್ತಿ ಖಾನೆಯಲ್ಲಿಟ್ಟು ಮುಚ್ಚಿದರು. ನನ್ನ ಮೇಲೆ ಕೋಪ ಮಾಡಿಕೊಂಡಿದ್ದರೆ ಒಳ್ಳೆಯದಿತ್ತು. ಉಪ್ಪಿಟ್ಟು ಎಂದಿನಂತೆ ಅರ್ಧ ಬಂತು.

ಪುಸ್ತಕಗಳು ಚೆನ್ನಾಗಿಯೇ ನಡೆದವು, ಸುಳ್ಳು ಹೇಳುವುದಿಲ್ಲ. ಜನ ಬಂದು ಕೇಳಿದರೆ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಉತ್ತರ. ಆದರೆ ಆ ಪುಸ್ತಕಗಳಲ್ಲಿ ನನ್ನ ಕೈ ಬಿಟ್ಟು ಬೇರೆಯವರ ಅಕ್ಷರ ಬೀಳುವುದು ನನಗೆ ಸಹ್ಯವಾಗುತ್ತಿರಲಿಲ್ಲ. ನಂಬರುಗಳು ಸಾಲಾಗಿ, ಒಂದು ಕಾಟು ಹೊಡೆದದ್ದಿಲ್ಲದೆ ಇರಬೇಕು. ಜಯಶೀಲಮ್ಮ ಬರೆಯುತ್ತೇನೆ ಎಂದರೂ ಬೇಡ ಎಂದೆ. ಹೀಗಾಗಿ ಸೋಮವಾರ ಬುಟ್ಟಿ ಪೂರ್ತಿ ಖಾಲಿಯಾಗುತ್ತಿರಲಿಲ್ಲ. ಯಾರಿಗಾದರೂ ನಾನು "ಇಲ್ಲ" ಎಂದು ಹೇಳಿದ ಕೂಡಲೇ ಪಕ್ಕದ ಮೇಜಿನಿಂದ ಕೇಳುತ್ತಿತ್ತು: "ಬುಟ್ಟಿ ನೋಡಿದ್ರಾ?" ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ. ನಾನು ಹಲ್ಲು ಕಚ್ಚಿಕೊಂಡು ಬುಟ್ಟಿ ನೋಡುತ್ತಿದ್ದೆ. ಕೆಲವು ಸಲ ಸಿಗುತ್ತಿದ್ದರು. ಆಗ ಜಯಶೀಲಮ್ಮ ಕಟ್ಟನ್ನು ಮೇಜಿಗೆ ಕುಟ್ಟುತ್ತಿದ್ದರು.

ಹೋದ ಮಾಘದಲ್ಲಿ ಅವರಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ನಾನು ಮೂಸಂಬಿ ಸುಲಿಯುತ್ತಾ ಕೂತಿದ್ದೆ. "ನಾನು ಬಂದ್ರೆ ನೀವೇ ಹುಡುಕ್ಬೇಕು ಪಂಪಣ್ಣ" ಎಂದರು. "ಬೇರೆ ಯಾರಿದಾರೆ ನಂಗೆ, ಹೆಸರು ಹಿಡಿದು ಕರೆಯೋಕೆ?"

"ಏನೇನು ನೆನಪಿಟ್ಕೋತೀರಿ ಹೇಳಿ ಮತ್ತೆ."

"ಅದು ನಮ್ ಕೈಲಿದ್ಯಾ? ಸೂಜಿ ಇರುತ್ತೆ ಅನ್ಸುತ್ತೆ. ಉಪ್ಪಿಟ್ಟು ಇರಬೋದು. ಒಂದು ತುತ್ತು ಅದನ್ನೇ ತನ್ನಿ."

"ನನ್ನ ಪುಸ್ತಕದಲ್ಲಿ ಸಿಕ್ತೀರಿ ಬಿಡಿ, ಒಂದು ಗಳಿಗೇಲಿ" ಎಂದೆ. ಆಕೆ ನಕ್ಕರು. ನಕ್ಕದ್ದು ಯಾಕೆಂದು ಆಗ ನಾನು ಯೋಚಿಸಲಿಲ್ಲ. ಮೂರನೆಯ ದಿನ ತೀರಿಕೊಂಡರು.

ತಿಂಗಳು ಕಳೆದ ಮೇಲೆ ನಾನು ದಿನಾ ಬೆಳಿಗ್ಗೆ ಕಚೇರಿಗೆ ಬಂದ ಕೂಡಲೇ ಚಪ್ಪಲಿ ಬಿಡುವ ಮೊದಲು ಮೂರು ಪುಸ್ತಕ ತೆಗೆಯುತ್ತಿದ್ದೆ: ಸೂಜಿ, ಕತ್ತರಿ, ಅವರೆಕಾಳು. ಹೊಸ ನಂಬರು ಬಂದಿದ್ದರೆ ಕಾರ್ಡು ನೋಡುತ್ತಿದ್ದೆ. ಒಂದು ದರ್ಜಿಯದು, ಒಂದು ದಾಯಿಯದು, ಹೀಗೆ. ಬೆಳಗಾಗೆದ್ದು ಉಪ್ಪಿಟ್ಟು ಕೆದಕುವುದನ್ನೂ ಕಲಿತೆ. ಮೊದಮೊದಲು ಗಂಟುಗಂಟು. ಡಬ್ಬಿಯಲ್ಲಿ ಹಾಕಿಕೊಂಡು ಬರುತ್ತಿದ್ದೆ. ಸಂಜೆಯವರೆಗೂ ಮುಟ್ಟುತ್ತಿರಲಿಲ್ಲ. ಆಮೇಲೆ ತಣ್ಣಗಾದದ್ದನ್ನು ನಾನೇ ತಿನ್ನುತ್ತಿದ್ದೆ.

ಪಕ್ಕದ ಮೇಜು ಖಾಲಿಯಾದ ಮೇಲೆ ಕೆಲಸವೆಲ್ಲ ನನ್ನ ತಲೆಗೇ ಬಂತು. ಬುಟ್ಟಿಯ ಕೆಲಸ ಮೂರು ವಾರದಷ್ಟು ಹಿಂದುಳಿಯಿತು. ಬರುವವರು ಈಗ ದಿನಕ್ಕೆ ಇಪ್ಪತ್ತಕ್ಕೆ ಇಳಿದಿದ್ದರೂ ನಾನೂರು ಕಾರ್ಡು ಇರಬಹುದು. ಅದನ್ನು ಓದುತ್ತಾ ಕೂತರೆ ಬರೆಯುವುದು ನಿಲ್ಲುತ್ತದೆ, ಬರೆದರೆ ಹೇಗೂ ಪುಸ್ತಕಕ್ಕೆ ಬಂದೇಬರುತ್ತದೆ ಎಂದು ಲೆಕ್ಕ ಹಾಕಿದೆ. ಇದು ಬೇರೆಯವರಿಗೆ ನಾನು ಹೇಳಿದ ಕಾರಣ. ನನ್ನೊಳಗಿನ ಕಾರಣ ಬೇರೆ. ಪುಸ್ತಕದಲ್ಲಿ ಸಿಗುತ್ತೀರಿ ಎಂದು ನಾನು ಹೇಳಿದ್ದೆ. ಪುಸ್ತಕದಲ್ಲೇ ಸಿಗಬೇಕು ಎಂಬ ಹಟ. ಬುಟ್ಟಿಯಲ್ಲಿ ಸಿಕ್ಕರೆ ಜಯಶೀಲಮ್ಮ ಗೆದ್ದಂತೆ. ಸತ್ತವರ ಜೊತೆಗೂ ನಾನು ಜಿದ್ದು ಬಿಟ್ಟಿರಲಿಲ್ಲ.

ಆ ದಿನಗಳಲ್ಲಿ ಬಂದವರಲ್ಲಿ ಒಬ್ಬ ಕಚೇರಿಯ ಬೆಂಚಿನ ಮೇಲೆ ಬಂದು ಕೂರುತ್ತಿದ್ದ. ಮೂವತ್ತರ ಆಸುಪಾಸಿನ ಆಳು, ದಪ್ಪ ಮೀಸೆ, ಉದ್ದ ಕೈಗಳು. ಛತ್ರದಲ್ಲಿ ಬೇಸರವಾದವರು ಹೀಗೆ ಊರೊಳಗೆ ಅಲ್ಲಲ್ಲಿ ಕೂರುವುದುಂಟು. ದಿನಾ ಒಂದೇ ಪ್ರಶ್ನೆ: "ನನ್ನ ಯಾರಾದ್ರೂ ಕೇಳ್ಕೊಂಡು ಬಂದ್ರಾ?"

ಅವನ ನಂಬರು ಇನ್ನೂ ಪುಸ್ತಕಕ್ಕೆ ಏರಿರಲಿಲ್ಲ. ಏರದವನನ್ನು ಯಾರು ಕೇಳಿದರೂ ನನಗೆ ಗೊತ್ತಾಗುವುದು ಹೇಗೆ? ತಲೆ ಎತ್ತದೆ "ಇಲ್ಲ" ಎನ್ನುತ್ತಿದ್ದೆ.

"ಸರಿ" ಎಂದು ಹೇಳಿ ಮತ್ತೆ ಅಲ್ಲೇ ಕೂರುತ್ತಿದ್ದ. ಐದನೆಯ ದಿನವೋ ಆರನೆಯ ದಿನವೋ ಎದ್ದು ಬಂದು ನನ್ನ ಮೇಜಿನ ಮೇಲಿದ್ದ ಕಾರ್ಡುಗಳನ್ನು ಕೈಗೆತ್ತಿಕೊಂಡು ಅಂಚು ಸರಿಮಾಡಲು ಹೋದ. ನಾನು ರೇಗಿದೆ. "ಮುಟ್ಬೇಡಪ್ಪ, ನಂಬರು ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ?" ಅವನು ಕೆಳಗಿಟ್ಟು ಕೈ ಹಿಂದಕ್ಕೆ ಕಟ್ಟಿಕೊಂಡ. ಮೇಜಿಗೆ ಒಂದು ಸಲ ಕುಟ್ಟಿದ್ದನೋ ಇಲ್ಲವೋ, ಈಗ ಎಷ್ಟು ನೆನಪು ಮಾಡಿಕೊಂಡರೂ ಬರುವುದಿಲ್ಲ.

ಇನ್ನೊಂದು ದಿನ ಮಧ್ಯಾಹ್ನ ನಾನು ಡಬ್ಬಿಯ ಮುಚ್ಚಳ ತೆಗೆದು, ಹಳಸಿದೆಯೋ ಎಂದು ಮೂಸಿ ನೋಡುತ್ತಿದ್ದೆ. ಅವನು ಬೆಂಚಿನಿಂದಲೇ ಕತ್ತು ಉದ್ದ ಮಾಡಿದ. "ಏನದು?"

"ಉಪ್ಪಿಟ್ಟು."

"ಒಂಚೂರು ಕೊಡ್ತೀರಾ?"

ಬಂದವರಿಗೆ ಛತ್ರದಲ್ಲಿ ಊಟವಿರುತ್ತದೆ, ಹಸಿವೆಂದು ಅವರು ಯಾರನ್ನೂ ಕೇಳುವುದಿಲ್ಲ. ಅದಾದರೂ ನನ್ನನ್ನು ತಟ್ಟಬೇಕಿತ್ತು. "ಇದು ಒಬ್ಬರಿಗೆ ಅಂತ ಇಟ್ಟಿದೀನಿ" ಎಂದು ಹೇಳಿ ಮುಚ್ಚಳ ಹಾಕಿದೆ. ಅವನು ತಲೆಯಾಡಿಸಿದ, ಅರ್ಥವಾಯಿತು ಎನ್ನುವ ಹಾಗೆ. ಎರಡು ದಿನ ಬಿಟ್ಟು ಬೆಂಚು ಖಾಲಿಯಾಯಿತು. ನನಗೆ ಒಳಗೊಳಗೇ ಹಾಯೆನಿಸಿತು ಎನ್ನುವುದನ್ನೂ ಬರೆಯುತ್ತೇನೆ, ಮುಚ್ಚಿಟ್ಟು ಏನು ಪ್ರಯೋಜನ.

ಆ ವಾರ ನಾನು ಭಾನುವಾರವೂ ಕೂತು ಬುಟ್ಟಿ ಖಾಲಿ ಮಾಡುವ ಪಣ ತೊಟ್ಟೆ. ಹಳೆಯದರಿಂದ ಶುರುಮಾಡಿ ಕಾರ್ಡು ಕಾರ್ಡೇ ಏರಿಸುತ್ತಾ ಬಂದೆ. ಸಂಜೆ ನಾಲ್ಕರ ಹೊತ್ತಿಗೆ ಕೈಗೆ ಬಂದ ಕಾರ್ಡು ಇಮಾಮ್‌ಸಾಬರ ಗುಂಡು ಅಕ್ಷರದಲ್ಲಿತ್ತು. ಮೇಲೆ ಗುರುತು: ಗಂಡು ಮುಖ, ಮೂವತ್ತರ ಸುಮಾರು, ದಪ್ಪ ಮೀಸೆ, ಉದ್ದ ಕೈ. ಬಂದು ಹದಿನಾಲ್ಕು ದಿನವಾಗಿತ್ತು. ಕೆಳಗೆ ನೆನಪುಗಳು. ಉದ್ದನೆಯ ಸೂಜಿ. ಕಾಗದ ಉದುರುವ ಸದ್ದು. ಬೆವರುವ ಗೋಡೆ. ಡಬ್ಬಿಯ ಮುಚ್ಚಳದಲ್ಲಿ ಅರ್ಧ ಉಪ್ಪಿಟ್ಟು. ಮೂಗು ಒರೆಸಿಕೊಳ್ಳುವ ಗಂಡಸು. ಸುಲಿದ ಮೂಸಂಬಿ. ಕೊನೆಯಲ್ಲಿ ಇಮಾಮ್‌ಸಾಬರು ಬರೆದಿದ್ದರು: "‘ಬುಟ್ಟಿ ನೋಡಿದ್ರಾ’ ಅನ್ನೋ ಮಾತು. ಯಾರು ಯಾರಿಗೆ ಹೇಳಿದ್ದೋ ಗೊತ್ತಿಲ್ಲವಂತೆ."

ಓಡಿದೆ. ಅರವತ್ತರ ಹತ್ತಿರದ ಮನುಷ್ಯ, ಡಬ್ಬಿ ಕೈಯಲ್ಲಿ ಹಿಡಿದುಕೊಂಡು, ಹೊತ್ತು ಮೀರಿದೆ ಎಂದು ಗೊತ್ತಿದ್ದೂ ಓಡಿದೆ. ಕಟ್ಟೆಯ ಹತ್ತಿರ ಇಮಾಮ್‌ಸಾಬರು ಕೂತಿದ್ದರು. ಕಾರ್ಡು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಓದಿ, ನನ್ನ ಮುಖ ನೋಡಿದರು. "ಇವ್ರು ಗುರುವಾರ ಬೆಳಿಗ್ಗೆ ಹೋದ್ರಲ್ಲ ಪಂಪಣ್ಣಾರೆ."

"ಹೇಗೆ ಹೋದ್ರು?"

ಇಮಾಮ್‌ಸಾಬರು ಸುಳ್ಳು ಹೇಳುವವರಲ್ಲ. ಪೆನ್ನಿನ ಕ್ಯಾಪನ್ನು ತಿರುಗಿಸುತ್ತಾ, "ಭಾಳ ಹೊತ್ತು ಹಿಡೀತು ಅವ್ರಿಗೆ" ಎಂದರು.

ನಾನು ಬದುವಿನ ಮೇಲೆ ಹೋಗಿ ನಿಂತೆ. ಉಪ್ಪಿನ ಗದ್ದೆ ಬೆಳ್ಳಗೆ ಕಣ್ಣು ಚುಚ್ಚುತ್ತಿತ್ತು. ಡಬ್ಬಿ ತೆಗೆದು ಒಂದು ತುತ್ತು ಬದುವಿನ ಮೇಲಿಟ್ಟು, ಜಯಶೀಲಮ್ಮಾ ಎಂದು ಕೂಗಿದೆ. ಕಿವಿಯೇ ಇಲ್ಲದ ಕಡೆ ಹೇಳಿದ ಹೆಸರು ಲೆಕ್ಕಕ್ಕೆ ಬರುವುದಿಲ್ಲ ಎಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಎರಡು ಸಲ ಕೂಗಿದೆ.

ಮರುದಿನ ಅವರ ಖಾನೆ ತೆಗೆದು ಸೂಜಿಯನ್ನು ಬಿಚ್ಚಿದೆ. ಬಟ್ಟೆಯಲ್ಲಿ ಸುತ್ತಿದ್ದರೂ ಉಪ್ಪಿನ ಗಾಳಿಗೆ ತುಕ್ಕು ಹಿಡಿದಿತ್ತು. ಸೀಮೆಎಣ್ಣೆ ಹಚ್ಚಿ ಉಜ್ಜಿದೆ. ಈಗ ಹೊಸ ಕಾರ್ಡುಗಳಿಗೆಲ್ಲ ಅವತ್ತವತ್ತೇ ಕತ್ತರಿ ಬೀಳುತ್ತದೆ, ಬಂದವರನ್ನು ಮೊದಲು ಸೂಜಿಯಿಂದ ಹುಡುಕುತ್ತೇನೆ, ಬಿದ್ದದ್ದನ್ನು ಒಂದೊಂದಾಗಿ ಓದುತ್ತೇನೆ. ಹೋದವರಿಗೆ ಮಾತ್ರ ಪುಸ್ತಕ. ಶೇಷಗಿರಿರಾಯರು ಯಾಕೆ ಎಂದು ಕೇಳಿದಾಗ, ಪರೀಕ್ಷೆಯ ದಿನ ಹೇಳಬೇಕಿದ್ದ ಮಾತನ್ನು ಹೇಳಿದೆ. ಅವರು ಎದ್ದು ಹೊರಗೆ ಹೋದರು.

ಜಯಶೀಲಮ್ಮನ ಕಾರ್ಡನ್ನೂ ಪುಸ್ತಕಕ್ಕೆ ಏರಿಸಬೇಕಿತ್ತು, ನಿಯಮ ನನ್ನದೇ. ಸೂಜಿಯ ಪುಸ್ತಕ ಇಳಿಸಿ ನಂಬರು ಬರೆದೆ. ಗೋಡೆಯದು, ಉಪ್ಪಿಟ್ಟಿನದು, ಮೂಸಂಬಿಯದು ಬರೆದೆ. ಮೂಗು ಒರೆಸಿಕೊಳ್ಳುವ ಗಂಡಸಿನ ಪುಸ್ತಕ ಮೊದಲೇ ಇತ್ತು, ಅದರಲ್ಲಿ ಇನ್ನೂ ಇಬ್ಬರಿದ್ದರು. ಕೊನೆಯ ನೆನಪಿಗೆ ಮಾತ್ರ ಪುಸ್ತಕ ಇರಲಿಲ್ಲ. ಹೊಸದೊಂದು ಹೊಲಿದು, ರಟ್ಟು ಅಂಟಿಸಿ, ಮೇಲೆ ಆ ಎರಡು ಶಬ್ದ ಬರೆದು, ಮೊದಲ ಸಾಲಿನಲ್ಲಿ ಅವರ ನಂಬರು ಹಾಕಿದೆ. ಈಗ ದಿನಾ ಬೆಳಿಗ್ಗೆ ಚಪ್ಪಲಿ ಬಿಡುವ ಮೊದಲು ಅದೊಂದನ್ನೇ ತೆಗೆದು ನೋಡುತ್ತೇನೆ. ನೋಡುವುದಕ್ಕೆ ಏನೂ ಇಲ್ಲ, ಗೊತ್ತು. ಒಂದೇ ನಂಬರು. ಇನ್ನೂರು ಹಾಳೆಯ ಪುಸ್ತಕ ಹೊಲಿದಿದ್ದೆ.